ಎಮ್ಮೆಗಳಿಗೆ ಪ್ರವೇಶವಿಲ್ಲ

ಒಮ್ಮೆ ಸರಿಯಾಗಿ ಸ್ವಚ್ಛ ಮಾಡಿದ ವಸ್ತು ಎಂದೂ ಕೆಡುವುದಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ನನ್ನ ವಾರ್ಡಿನಲ್ಲಿ ಚಾದರದ ಮೇಲೆ ಒಂದು ಸುಕ್ಕು ಕಂಡರೆ ರೋಗಿ ತಾನಾಗಿಯೇ ಎದ್ದು ನಿಂತು ಕ್ಷಮೆ ಕೇಳುತ್ತಿದ್ದ. ಕಾಲು ಮುರಿದವನೂ!

ನಿವೃತ್ತಿಯ ನಂತರ ನೇಸರಗಿ ಹತ್ತಿರದ ನಮ್ಮೂರಿಗೆ ಬಂದು ನೆಲೆಸಿದೆ. ಜೊತೆಗೆ ಯಜಮಾನರು. ಅವರು ಬಸ್ಸಿನ ಡ್ರೈವರ್ ಆಗಿದ್ದವರು. ಚಾಲಕನೊಂದಿಗೆ ಮಾತನಾಡಬಾರದು ಎಂಬ ನಿಯಮದ ಕಾರಣ ಸರ್ವಿಸಿನಲ್ಲಿ ಆಡಲಾಗದೆ ಉಳಿದ ಮಾತನ್ನೆಲ್ಲ ಈಗ ಮನೆಯಲ್ಲಿ ಆಡುತ್ತಾರೆ. ನಾನು ಬೆಳಗಿನ ಜಾವ ಎದ್ದು ಅಂಗಳ ಗುಡಿಸಿ, ಓಣಿ ಗುಡಿಸಿ, ಇನ್ನೇನು ಗುಡಿಸಲಿ ಎಂದು ನೋಡುತ್ತಿದ್ದಾಗ ನನ್ನ ಕಣ್ಣಿಗೆ ಬಿದ್ದದ್ದು ಊರ ಕೆರೆ.

ನಮ್ಮ ಕಡೆ ಕೊಳವೆಬಾವಿಯ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯುವ ಸಿಹಿನೀರು ಸಿಗುವುದು ಕೆರೆ ಏರಿಯ ಪಕ್ಕದ ಹಳೆಯ ಬಾವಿಯಲ್ಲಿ ಮಾತ್ರ. ಕೆರೆಯಲ್ಲಿ ನೀರಿರುವ ತನಕ ಬಾವಿಯಲ್ಲಿ ನೀರು. ಕೆರೆಯೋ, ಅರ್ಧದಷ್ಟು ಹೂಳು ತುಂಬಿ, ಉಳಿದರ್ಧದಲ್ಲಿ ಎಮ್ಮೆ ತುಂಬಿಕೊಂಡಿತ್ತು. ಆ ಎಮ್ಮೆಗಳ ಪೈಕಿ ಎರಡು, ಗೌರಿ ಮತ್ತು ಚಂದ್ರಿ, ನಮ್ಮ ಪಕ್ಕದ ಮನೆಯ ಗಂಗವ್ವನವು. ಗಂಡ ತೀರಿಹೋದ ಮೇಲೆ ಆಕೆಯ ಸಂಸಾರ ನಡೆಯುತ್ತಿದ್ದುದು ಈ ಎರಡರ ಹಾಲಿನಿಂದ.

ಕೆರೆಯನ್ನು ಉಪಚರಿಸಲು ನಾನು ನಿರ್ಧರಿಸಿದ ಸುದ್ದಿ ಹೇಗೋ ಜಲಾನಯನದ ಕೆಲಸ ನೋಡುವ ಇಂಜಿನಿಯರ್ ಸುಜಾತಾಳಿಗೆ ಮುಟ್ಟಿತು. ರಾಮದುರ್ಗದ ಹುಡುಗಿ, ಮಾತು ನೇರ. ನಮ್ಮ ಕಟ್ಟೆಯ ಮೇಲೆ ಕುಳಿತು, ಊರವರಂತೆ ನನ್ನನ್ನು ಬಾಯಾರು ಎಂದೇ ಕರೆದು ಹೇಳಿದಳು:

“ಬಾಯಾರ, ಮೊದಲ ಗುಡ್ಡದ ಮ್ಯಾಲಿಂದ ಶುರು ಮಾಡೋಣ್ರಿ. ಇಳಿಜಾರಿಗೆ ಬದು ಹಾಕೂದು, ಗಿಡಾ ಹಚ್ಚೂದು, ಹಳ್ಳಕ್ಕ ಅಲ್ಲಲ್ಲಿ ಕಲ್ಲಿನ ತಡಿ ಕಟ್ಟೂದು. ಮಣ್ಣ ಮ್ಯಾಲೇ ನಿಂತ್ರ ಕೆರ್ಯಾಗ ಹೂಳ ಬರೂದಿಲ್ಲ. ಕೆರಿ ಕಟ್ಟಕಡೀಗೆ. ಮತ್ತ ಕೆಳಗಿನ ಊರವರನ್ನೂ ಕರೀರಿ. ನೀರಿಗೆ ಎರಡೂ ಊರ ಒಂದ.”

“ಕೆರಿ ನಮ್ದು. ಅವರು ಬಂದು ಏನ ಮಾಡತಾರ? ಚಹಾ ಕುಡೀತಾರೇನು?” ಎಂದೆ. “ಮತ್ತ ನನ್ನ ವಾರ್ಡಿನಾಗ ಮೊದಲ ನೆಲ. ಉಳಿದದ್ದು ಆಮೇಲೆ.”

“ಮ್ಯಾಲಿನ ಜೇಡರ ಬಲಿ ತಗದ ಮ್ಯಾಲ ನೆಲದ ಕಸಾ ಉಡಗತಾರ,” ಎಂದರು ಯಜಮಾನರು, ಒಳಗಿನಿಂದ.

“ನೀವು ಸುಮ್ನ ಕುಂದರ್ರಿ!”

ಸುಜಾತಾ ಚಹಾ ಕುಡಿದು ಹೋದಳು. ಕೆರೆ ಸ್ವಚ್ಛತಾ ಸಮಿತಿ ಅಂದೇ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷೆ ನಾನು. ಕಾರ್ಯದರ್ಶಿ ನಾನು. ಉಳಿದ ಊರೆಲ್ಲ ಸದಸ್ಯರು.

ಬೇಸಿಗೆಯಲ್ಲಿ ಕೆರೆ ಪೂರ್ತಿ ಇಂಗಿದ ಮೇಲೆ ಕೆಲಸಕ್ಕಿಳಿದೆವು. ಸೂರ್ಯ ಹುಟ್ಟುವ ಮೊದಲೇ ಏರಿಯ ಮೇಲೆ ನಿಂತು ನಾನು ಸೀಟಿ ಊದುತ್ತಿದ್ದೆ. ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತಿದ್ದವು. ಕಪ್ಪು ಹೂಳು ಹೊಲಗಳಿಗೆ ಹೋಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಹೂಳಿನ ಕೆಳಗೆ ಬೂದಿ ಬಣ್ಣದ ಜಿಗುಟು ಮಣ್ಣಿನ ಪದರ ಸಿಕ್ಕಿತು. ಸಲಿಕೆ ಹಾಕಿದರೆ ಸಲಿಕೆಯನ್ನೇ ಹಿಡಿದುಕೊಳ್ಳುತ್ತಿತ್ತು. ಕಾಲಿಟ್ಟರೆ ಜಾರುತ್ತಿತ್ತು. ಒಂದು ಮುದ್ದೆ ಹಾರಿ ಬಂದು ನನ್ನ ಬಿಳಿ ಸೀರೆಯ ಮೇಲೆ ಕುಳಿತದ್ದೇ ತಡ, ರೋಗದ ಮೂಲ ಇದೇ ಎಂದು ನನಗೆ ಖಚಿತವಾಯಿತು. “ಪೂರ್ತಿ ತಗೀರಿ! ತಳ ಕಾಣಬೇಕು!” ಎಂದು ಆಜ್ಞೆ ಮಾಡಿದೆ.

ಜನ ಬೇಡ ಅನ್ನಲಿಲ್ಲ. ಅನ್ನಲು ಅವರಿಗೇನು ಹುಚ್ಚೇ? ನಮ್ಮೂರಿನ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ, ಅಂದರೆ ಸಪಾಟು ಛಾವಣಿ. ಬೂದಿ ಬಣ್ಣದ ಆ ಮಣ್ಣನ್ನು ಮಾಳಿಗೆಯ ಮೇಲೆ ಹರಡಿ ಬಡಿದರೆ ಎಂಥ ಮಳೆಯಲ್ಲೂ ಒಂದು ಹನಿ ಒಳಗೆ ಬರುವುದಿಲ್ಲ ಎಂಬುದು ನಮ್ಮಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ಅಂಥ ಮಣ್ಣು ಪುಕ್ಕಟೆ ಸಿಗುತ್ತಿರುವಾಗ ಬಿಡುವವರು ಯಾರು? ಇಡೀ ಊರು ಮಾಳಿಗೆ ಏರಿತು. ಮೊದಲ ಟ್ರ್ಯಾಕ್ಟರ್ ನಮ್ಮ ಮನೆಗೇ ಹೋಯಿತು. ಅಧ್ಯಕ್ಷೆಗೆ ಅಷ್ಟೂ ಗೌರವ ಬೇಡವೇ!

ಕೊನೆಗೆ ಕೆಂಪು ಗರಸು ಕಾಣಿಸಿತು. ಗಟ್ಟಿ ನೆಲ, ಒಣ ನೆಲ, ಶುದ್ಧ ನೆಲ. ನನಗೆ ಸಮಾಧಾನವಾಗಲಿಲ್ಲ. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಸಬರಿಗೆಯಿಂದ ಗುಡಿಸಿಸಿದೆ. ಕೆರೆಯ ತಳಕ್ಕೆ ಕಸಬರಿಗೆ ಹಾಕಿದ ಊರು ಈ ಸೀಮೆಯಲ್ಲಿ ನಮ್ಮದೊಂದೇ ಇರಬೇಕು.

ಅನಂತರ ಬೋರ್ಡು. ಯಜಮಾನರು ಬಸ್ಸಿನ ಹಣೆಯ ಮೇಲೆ ಊರ ಹೆಸರು ಬರೆಯುವ ಶೈಲಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: “ಕೆರೆಯೊಳಗೆ ಎಮ್ಮೆಗಳಿಗೆ ಪ್ರವೇಶವಿಲ್ಲ. ಆದೇಶದ ಮೇರೆಗೆ.”

ಗಂಗವ್ವ ಬಂದು ಅದರ ಮುಂದೆ ನಿಂತಳು.

“ಬಾಯಾರ, ನಮ್ಮ ಗೌರಿಗಿ ಓದಾಕ ಬರೂದಿಲ್ರಿ.”

“ನೀ ಓದಿ ಹೇಳು.”

“ನನಗೂ ಬರೂದಿಲ್ರಿ.”

ಓದಿ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಮಧ್ಯಾಹ್ನ ನೀರಾಗ ಬಿದ್ದು ಹೊರಳಾಡಲಿಲ್ಲಂದ್ರ ಎಮ್ಮಿ ಹಾಲ ಇಳಸೂದಿಲ್ರಿ. ನನ್ನ ಒಲಿ ಹೊತ್ತೂದು ಅದರ ಮ್ಯಾಲ ಐತಿ.”

“ಮನ್ಯಾಗ ಬಕೆಟ್ಟಿಲೆ ಮೈ ತೊಳಿ. ಸಾಬಾಣ ನಾ ಕೊಡತೇನಿ.”

ಸಾಬೂನು ಕೊಟ್ಟೆ ಕೂಡ. ಸುವಾಸನೆಯದ್ದು!

ಮುಂಗಾರು ಬಂತು. ಒಂದೇ ದೊಡ್ಡ ಮಳೆಗೆ ಕೆರೆ ತುಂಬಿತು. ಹೂಳಿಲ್ಲ, ರಾಡಿಯಿಲ್ಲ, ಎಮ್ಮೆಯಿಲ್ಲ. ಮಳೆಯ ಕೆಂಪು ಇಳಿದ ಮೇಲೆ ತಳದ ಹರಳು ಕಾಣುವಷ್ಟು ತಿಳಿ. ಮುತ್ತೈದೆಯರು ಕೆರೆಗೆ ಉಡಿ ತುಂಬಿದರು. ನಾನು ನೀರಿನ ಅಂಚಿನಲ್ಲಿ ನಿಂತು ಸ್ವಚ್ಛತೆಯ ಮಹತ್ವದ ಬಗ್ಗೆ ಭಾಷಣ ಮಾಡಿದೆ. ಶುರು ಮಾಡಿದಾಗ ನೀರು ನನ್ನ ಚಪ್ಪಲಿಗೆ ತಾಗುತ್ತಿತ್ತು. ಮುಗಿಸಿದಾಗ ಒಂದು ಗೇಣು ಹಿಂದೆ ಹೋಗಿತ್ತು.

“ಭಾಷಣ ಭಾಳ ಉದ್ದ ಆತು,” ಎಂದರು ಯಜಮಾನರು. “ಕೆರಿ ಸುದ್ದಾ ಎದ್ದ ಹೊಂಟೈತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ಕೊನೆಯ ನಗು.

ದಿನ ದಿನಕ್ಕೆ ನೀರು ಇಳಿಯತೊಡಗಿತು. ನಾನು ಕೆರೆಯ ನಡುವೆ ಒಂದು ಕೋಲು ನೆಟ್ಟು, ಅದಕ್ಕೆ ಥರ್ಮಾಮೀಟರಿನಂತೆ ಗೆರೆ ಹಾಕಿ, ಬೆಳಿಗ್ಗೆ ಸಂಜೆ ನೋಡತೊಡಗಿದೆ. ಜ್ವರ ಇಷ್ಟು ಚೆನ್ನಾಗಿ ಇಳಿದಿದ್ದರೆ ರೋಗಿಯನ್ನು ಮನೆಗೆ ಕಳಿಸಬಹುದಿತ್ತು. ಮತ್ತೆ ಮಳೆ ಬಂತು, ಮತ್ತೆ ತುಂಬಿತು, ಮತ್ತೆ ಇಳಿಯಿತು. ಬಿಸಿಲಿಗೆ ಇಷ್ಟು ಆರುವುದು ಸಾಧ್ಯವಿಲ್ಲ. ಹಾಗಾದರೆ ಉಳಿಯುವ ಕಾರಣ ಒಂದೇ. ಕಳ್ಳತನ! ಕೆಳಗಿನ ಊರವರು ಯಾರಿಗೂ ಕಾಣದಂತೆ ಪೈಪು ಹಾಕಿದ್ದಾರೆ! ಸಮಿತಿಗೆ ಕರೆಯದ ಸಿಟ್ಟು ಹೀಗೆ ತೀರಿಸಿಕೊಳ್ಳುತ್ತಿದ್ದಾರೆ!

ಯಜಮಾನರ ಸ್ಕೂಟರಿನ ಹಿಂದೆ ಕುಳಿತು, ಕೊರಳಿಗೆ ಸೀಟಿ ಹಾಕಿಕೊಂಡು, ಕೆಳಗಿನ ಊರಿಗೆ ದಾಳಿ ಇಟ್ಟೆ. ಅವರ ಬಾವಿಯ ಕಟ್ಟೆಯ ಮೇಲೆ ಹಿರಿಯ ಬಸವಣ್ಣೆಪ್ಪಜ್ಜ ಕುಳಿತಿದ್ದ. ಬಾವಿ ತುಂಬಿ, ಮೇಲೆ ಉಕ್ಕಿ, ಪಕ್ಕದ ಹಳ್ಳಕ್ಕೆ ಹರಿಯುತ್ತಿತ್ತು. ನಾನು ಬೆರಳೆತ್ತಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಎದ್ದು ಕೈ ಮುಗಿದ.

“ಬರ್ರಿ, ಬರ್ರಿ! ನಾವ ನಿಮ್ಮನಿಗೆ ಬರಾವರಿದ್ವಿ! ಏ, ಆ ಶಾಲ ತಗೊಂಡ ಬರ್ರಿ ಇಲ್ಲೆ!”

ಶಾಲು ಹೊದಿಸಿದರು. ಕೈಗೆ ಕಾಯಿ ಕೊಟ್ಟರು. ಅಜ್ಜ ನೆರೆದವರಿಗೆಲ್ಲ ಹೇಳಿದ: “ಈ ಬಾವ್ಯಾಗ ಇಂಥಾ ನೀರ ನಾ ಹುಟ್ಟಿದಾಗಿಂದ ಕಂಡಿಲ್ಲ. ಬಾಯಾರು ಮ್ಯಾಲಿನ ಕೆರಿ ಮುಟ್ಟಿದ್ರು, ಇಲ್ಲಿ ಸೆಲಿ ಒಡೀತು. ಏನ ಕೈಗುಣ, ಏನ ಕೈಗುಣ!”

ಪೈಪು ಹುಡುಕಲು ಹೋದವಳು ಪೇಢೆ ತಿಂದು ಬಂದೆ. ದಾರಿಯುದ್ದಕ್ಕೂ ಯಜಮಾನರ ಬೆನ್ನು ಅಲುಗುತ್ತಿತ್ತು. ರಸ್ತೆ ಕೆಟ್ಟಿದೆ ಎಂದುಕೊಂಡೆ. ನಗುತ್ತಿದ್ದರು.

“ಕಳ್ಳರನ್ನ ಹಿಡಿಯಾಕ ಹೋಗಿ ಸತ್ಕಾರ ಮಾಡಿಸ್ಕೊಂಡ ಬಂದಾಕಿ ಇಡೀ ಬೈಲಹೊಂಗಲ ತಾಲೂಕಿನಾಗ ನೀನ ಒಬ್ಬಾಕಿ!”

ಶಾಲು ಹೊದ್ದುಕೊಂಡೇ ಊರೊಳಗೆ ಬಂದದ್ದು ನನ್ನ ಮುಂದಿನ ಪ್ರಮಾದ. ಸಂಜೆಯೊಳಗೆ ಊರು ತೀರ್ಪು ಕೊಟ್ಟಿತ್ತು: ನರ್ಸಬಾಯಿ ಕೆರೆಯ ನೀರನ್ನು ಕೆಳಗಿನ ಊರಿಗೆ ಒಪ್ಪಿಸಿದ್ದಾಳೆ. ಪ್ರತಿಫಲ, ಒಂದು ಶಾಲು! ಮರುದಿನದಿಂದ ನನ್ನ ಸೀಟಿಗೆ ಓಣಿಯ ನಾಯಿಯೂ ತಿರುಗಿ ನೋಡಲಿಲ್ಲ.

ದೀಪಾವಳಿ ಕಳೆಯುವಷ್ಟರಲ್ಲಿ ಕೆರೆ ಖಾಲಿ. ಸಂಕ್ರಾಂತಿಗೆ ಬಾವಿಯ ತಳದಲ್ಲಿ ಕೊಡ ನೆಲಕ್ಕೆ ತಾಗಿ ಸದ್ದು ಮಾಡತೊಡಗಿತು. ಆಮೇಲೆ ಟ್ಯಾಂಕರು. ಅದು ಬಂದ ದಿನ ಬಂತು, ಬಾರದ ದಿನ ಇಲ್ಲ. ಸವಳು ನೀರು ಕುಡಿದು ಮಕ್ಕಳ ಹೊಟ್ಟೆ ಕೆಟ್ಟಿತು. ಔಷಧ ಕೇಳಲು ತಾಯಂದಿರು ಮೊದಲು ನನ್ನ ಬಳಿ ಬರುತ್ತಿದ್ದರು. ಈಗ ನಮ್ಮ ಬಾಗಿಲು ದಾಟಿ ನೇಸರಗಿ ಬಸ್ಸಿಗೆ ನಿಲ್ಲುತ್ತಿದ್ದರು. ಟ್ಯಾಂಕರಿನ ಮುಂದೆ ಸರತಿ ಸಾಲು ಮಾಡಿಸಲು ನಾನೊಮ್ಮೆ ಹೋದೆ. ಯಾರೂ ಏನೂ ಅನ್ನಲಿಲ್ಲ. ಸಾಲೂ ಮಾಡಲಿಲ್ಲ.

ಗಂಗವ್ವನ ಎಮ್ಮೆಗಳು ಕೊಟ್ಟಿಗೆಯಲ್ಲಿ ಬಾಯಿ ತೆರೆದು ನಿಂತಿರುತ್ತಿದ್ದವು. ಸವಳು ನೀರನ್ನು ಮೂಸಿ ಮುಖ ತಿರುಗಿಸುತ್ತಿದ್ದವು. ಹಾಲು ಚರಿಗೆಯಿಂದ ಲೋಟಕ್ಕೆ ಇಳಿಯಿತು. ಯುಗಾದಿಗೆ ಮುಂಚೆ ಒಂದು ದಿನ ಸಂಗೊಳ್ಳಿ ಕಡೆಯಿಂದ ಒಂದು ಗಾಡಿ ಬಂದು ಓಣಿಯಲ್ಲಿ ನಿಂತಿತು. ಎರಡಕ್ಕೂ ನೀರು ಹೊಂದಿಸುವುದು ಆಕೆಯಿಂದ ಆಗುತ್ತಿರಲಿಲ್ಲ. ಗೌರಿಯನ್ನು ಮಾರಿದ್ದಳು.

ಗೌರಿ ಗಾಡಿ ಹತ್ತಲಿಲ್ಲ. ಕೊಂಡವರು ಜಗ್ಗಿದರು, ಹಿಂದಿನಿಂದ ನೂಕಿದರು. ಕೊನೆಗೆ ಗಂಗವ್ವನೇ ಬಂದು ಅದರ ಗಂಟಲ ಕೆಳಗೆ ಕೈಯಾಡಿಸಿದಳು.

“ಹೋಗವ್ವಾ. ಅಲ್ಲಿ ಹೊಳಿ ಐತಿ. ದಿನಾ ಬಿದ್ದು ಹೊರಳಾಡು. ಯಾರೂ ಬೋರ್ಡ ಹಚ್ಚೂದಿಲ್ಲ.”

ಗೌರಿ ಹತ್ತಿತು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಆ ಮಾತನ್ನು ಗಂಗವ್ವ ನನಗೆ ಕೇಳಲಿ ಎಂದು ಹೇಳಲಿಲ್ಲ. ನಾನಿರುವುದನ್ನು ಆಕೆ ನೋಡಿಯೇ ಇರಲಿಲ್ಲ.

ಯುಗಾದಿಯ ನಂತರ ಇನ್ನೊಂದು ಅತಿಥಿ ಸತ್ಕಾರ ಕಾದಿತ್ತು. ಬಸವಣ್ಣೆಪ್ಪಜ್ಜ ಬಂದ. ಜೊತೆಗೆ ಇಂಜಿನಿಯರ್ ಸುಜಾತಾ. ಅಜ್ಜ ಕಟ್ಟೆಯ ಮೇಲೆ ಕೂರಲೂ ಇಲ್ಲ.

“ಶಾಲ ವಾಪಸ್ ಕೊಡ್ರಿ.”

“ಯಾಕ್ರೀ ಅಜ್ಜಾರ?”

“ನಮ್ಮ ಬಾವಿನೂ ತಳಾ ಕಂಡೈತಿ. ಮೊದಲ ನಿಮ್ಮ ಕೆರಿ ನೀರ ಸಣ್ಣಗ ಜಿನುಗಿ ಬ್ಯಾಸಗಿತನಕಾ ಬರತಿತ್ತು. ಈ ಸಲ ಒಮ್ಮೆಲೆ ಬಂತು. ಬಾವಿ ಉಕ್ಕಿ ಹಳ್ಳಕ್ಕ ಹೋತು, ಹಳ್ಳ ಮಲಪ್ರಭಾಕ್ಕ ಹೋತು. ನಾವು ಪೇಢೆ ಹಂಚಕೋತ ಕುಂತ್ವಿ.”

ಸುಜಾತಾ ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು.

“ಬಾಯಾರ, ಮಾಳಿಗಿ ಹೋದ ಮಳಿಗಾಲಕ್ಕ ಸೋರಿತೇನ್ರಿ?”

“ಒಂದ ಹನಿ ಇಲ್ಲ!” ಎಂದೆ. ಆ ವರ್ಷ ನಾನು ಹೆಮ್ಮೆಯಿಂದ ಹೇಳಬಹುದಾದದ್ದು ಅದೊಂದೇ ಉಳಿದಿತ್ತು.

“ಯಾವ ಮಣ್ಣ ಹಾಕೀರಿ?”

ಯಜಮಾನರು ನಿಧಾನವಾಗಿ ತಲೆ ಎತ್ತಿ ಛಾವಣಿ ನೋಡಿದರು.

“ಅಯ್ಯ! ಕೆರಿ ತಳ ನಮ್ಮ ತಲಿ ಮ್ಯಾಲ ಐತಿ!”

ಮಾಳಿಗೆಯ ಮೇಲೆ ಹಾಕಿದರೆ ನೀರು ಒಳಗಿಳಿಯದಂತೆ ತಡೆಯುವ ಮಣ್ಣು ಕೆರೆಯಲ್ಲೂ ಅದೇ ಕೆಲಸ ಮಾಡುತ್ತಿತ್ತು ಎಂಬುದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಊರೆಲ್ಲ ಮಾಳಿಗೆಯ ಮೇಲೇ ನಿಂತಿದ್ದೆವು. ಕೆಳಗೆ ನೋಡಿದವರು ಯಾರು?

ಸುಜಾತಾ ನನಗೆ ತಿಳಿಯುವ ಭಾಷೆಯಲ್ಲಿಯೇ ಹೇಳಿದಳು. “ಹೊಲಸ ತಗೀತೇನಂತ ಹೋಗಿ ಪೇಷಂಟಿನ ತೊಗಲ ಸುಲದೀರಿ, ಬಾಯಾರ. ಕೆಳಗಿನ ಗರಸಿನ ತುಂಬ ಸೀಳ ಅದಾವು. ನೀರ ನಿಮ್ಮ ಬಾವಿಗೆ ಬರೂ ಮೊದಲ ಅದರಾಗ ಇಳದು ಕೆಳಗಿನ ಊರಿಗೆ ಹೋತು.”

“ಎಮ್ಮಿನಾರ ಹೊರಗ ಇಟ್ಟಿದ್ನಲ್ಲವಾ,” ಎಂದೆ, ಏನಾದರೂ ಒಂದು ಸರಿ ಮಾಡಿರಬೇಕಲ್ಲ ಎಂಬ ಆಸೆಯಿಂದ.

“ಆ ಮಣ್ಣ ವರ್ಷಾ ತುಳದು ತುಳದು ಗಟ್ಟಿ ಮಾಡತಿದ್ದವ್ರು ಯಾರಂತೀರಿ? ಎಮ್ಮಿ. ನೀವು ಡಾಕ್ಟರನ್ನ ಹೊರಗ ಹಾಕಿ ಬೋರ್ಡ ಹಚ್ಚೀರಿ.”

ಎರಡೂ ಊರಿನ ಸಭೆ ನಮ್ಮ ಅಂಗಳದಲ್ಲೇ ನಡೆಯಿತು. ಚಹಾ ಕುಡಿಯಲು ಮಾತ್ರ ಬರುತ್ತಾರೆಂದು ನಾನು ಹೇಳಿದ್ದ ಜನ ಟ್ಯಾಂಕರ್ ನೀರಿನ ಸ್ಥಿತಿ ನೋಡಿ ಚಹಾ ಬೇಡ ಎಂದರು. ಸುಜಾತಾ ಹಿಂದಿನ ವರ್ಷ ಹೇಳಿದ್ದನ್ನೇ ಮತ್ತೆ ಹೇಳಿದಳು. ಈ ಸಲ ಎಲ್ಲರೂ ಕೇಳಿದರು. ಗುಡ್ಡದ ಮೇಲಿಂದ ಬದು, ಹಳ್ಳಕ್ಕೆ ಕಲ್ಲಿನ ತಡೆ, ಎರಡೂ ಊರಿನ ಕೈ. ಅದು ಮುಗಿದ ಮೇಲೆ ಕೆರೆಗೆ ಮಣ್ಣು. ಮಣ್ಣು ಎಲ್ಲಿಂದ? ಎಲ್ಲರೂ ತಮ್ಮ ತಮ್ಮ ಮಾಳಿಗೆಯ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು.

“ಮೊದಲ ಅಧ್ಯಕ್ಷರದು ಇಳೀಲಿ,” ಎಂದಿತು ಒಂದು ದನಿ.

ಇಳಿಯಿತು. ಗುಡ್ಡದ ಕೆಲಸ ಮುಗಿದದ್ದೇ ಪೂರ್ತಿ ಇಳಿಯಿತು. ಹಿಂದೆಯೇ ಇಡೀ ಊರು ತನ್ನ ಮಾಳಿಗೆ ಕೆರೆದು ಬುಟ್ಟಿಗೆ ತುಂಬಿತು. ಬುಟ್ಟಿಯ ಕೆಳಗೆ ತಲೆಗೆ ಸಿಂಬೆ ಬೇಕಾಯಿತು. ಬಸವಣ್ಣೆಪ್ಪಜ್ಜನ ಶಾಲು ಅದಕ್ಕೆ ಬಲು ಅನುಕೂಲವಾಯಿತು. ಅಜ್ಜ ಅದನ್ನು ನೋಡಿ, “ಇರಲಿ, ಇಟಗೊಳ್ರಿ,” ಎಂದ.

ಮುಂಗಾರಿಗೆ ಮುಂಚಿನ ಅಡ್ಡ ಮಳೆಗೆ ಮಣ್ಣು ನೆನೆದ ಮೇಲೆ ತುಳಿಸುವ ಕೆಲಸ. ಆದರೆ ನಮ್ಮೂರಿನಲ್ಲಿ ಎಮ್ಮೆ ಉಳಿದದ್ದೇ ಬೆರಳೆಣಿಕೆ. ಕೆಳಗಿನ ಊರಿನಿಂದ ಹಿಂಡು ಬಂತು. ಎಲ್ಲದರ ಮುಂದೆ ಗಂಗವ್ವನ ಚಂದ್ರಿ. ನಾನು ಅಭ್ಯಾಸ ಬಲದಿಂದ ಸೀಟಿ ಊದಿದೆ. ಇಡೀ ಹಿಂಡು ಬೆದರಿ ಏರಿಯ ಕಡೆ ಓಡಿತು. ಏರಿಯ ಕೆಳಗೆ ನಾನಿದ್ದೆ!

ಆ ಬೂದಿ ಬಣ್ಣದ ಮಣ್ಣಿಗೆ ಬೆನ್ನು ಕೊಟ್ಟು ಮಲಗಿ ಆಕಾಶ ನೋಡಿದಾಗ ಅದರ ಗುಣ ನನಗೆ ಪೂರ್ತಿ ಮನದಟ್ಟಾಯಿತು. ಅದು ನಿಜವಾಗಿಯೂ ಏನನ್ನೂ ಬಿಡುವುದಿಲ್ಲ. ನನ್ನನ್ನೂ ಬಿಡಲಿಲ್ಲ. ಗಂಗವ್ವ ರಟ್ಟೆ ಹಿಡಿದು ಎಬ್ಬಿಸಿದಳು.

“ಸೀಟಿ ಗೂಟಕ್ಕ ಹಾಕ್ರಿ, ಬಾಯಾರ.”

ಗೌರಿ ಹೋದ ಮೇಲೆ ಆಕೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು. ನಾನು ಸೀಟಿ ಬಿಚ್ಚಿ ಆಕೆಯ ಕೈಗೇ ಕೊಟ್ಟೆ.

ಈ ಸಲದ ಮಳೆ ಬಿದ್ದಿದೆ. ಕೆರೆ ತುಂಬಿಲ್ಲ. ಅಂಚಿನಲ್ಲಿ ಮೊಳಕಾಲುದ್ದ, ನಡುವೆ ಸೊಂಟದುದ್ದ ನೀರು ನಿಂತಿದೆ, ಆದರೆ ನಿಂತಿದೆ. ಬಾವಿಯಲ್ಲಿ ಕೊಡ ಮುಳುಗುತ್ತದೆ. ಬೇಸಿಗೆಯ ತನಕ ಉಳಿಯುತ್ತದೆಯೋ ಇಲ್ಲವೋ ಸುಜಾತಾಳೂ ಹೇಳುವುದಿಲ್ಲ, ನಾನಂತೂ ಭಾಷಣ ಮಾಡುವುದಿಲ್ಲ. ಇತ್ತ ನಮ್ಮ ಮನೆ ಎಲ್ಲ ಕಡೆ ಸೋರುತ್ತಿದೆ. ಯಜಮಾನರು ಪಡಸಾಲೆಯ ನಡುವೆ ಕುರ್ಚಿ ಹಾಕಿ, ಛತ್ರಿ ಬಿಚ್ಚಿಕೊಂಡು, “ಹಿಂದಿನ ಸೀಟ್ ಖಾಲಿ ಐತಿ, ಬರ್ರಿ,” ಎನ್ನುತ್ತಾರೆ.

ನಿನ್ನೆ ಕೆರೆಗೆ ಹೋಗಿದ್ದೆ. ನೀರಿನ ನಡುವೆ ಚಂದ್ರಿ ಒಂದೇ, ಮೂಗು ಮಾತ್ರ ಹೊರಗಿಟ್ಟು ಮಲಗಿತ್ತು. ಗಂಗವ್ವ ಏರಿಯ ಮೇಲೆ ಕುಳಿತಿದ್ದಳು.

“ಗೌರಿ ಯಾವತ್ತೂ ಆ ಮೂಲಿ ಹಿಡೀತಿದ್ಲು,” ಎಂದಳು, ಖಾಲಿ ನೀರಿನ ಕಡೆ ಕೈ ಮಾಡಿ.

ನೀರು ಎಷ್ಟಿದೆ ನೋಡೋಣವೆಂದು ನನ್ನ ಗೆರೆ ಹಾಕಿದ ಕೋಲಿನ ಕಡೆಗೆ ಸೀರೆಯ ನೆರಿಗೆ ಎತ್ತಿ ಇಳಿಯತೊಡಗಿದೆ. ಆಗ ಬೋರ್ಡು ಕಂಡಿತು. ಹಳೆಯ ಬೋರ್ಡೇ. ಹೊಸ ಬಣ್ಣ. ಬಸ್ಸಿನ ಹಣೆಯ ದಪ್ಪ ಅಕ್ಷರ, ಯಜಮಾನರ ಕೈ: “ಕೆರೆಯೊಳಗೆ ನರ್ಸಬಾಯಿಗೆ ಪ್ರವೇಶವಿಲ್ಲ. ಆದೇಶದ ಮೇರೆಗೆ.”

“ಯಾರ ಆದೇಶ ಇದು?” ಎಂದು ಗುಡುಗಿದೆ.

ಗಂಗವ್ವ ಗದ್ದ ಎತ್ತಿ ನೀರಿನ ನಡುವಿನ ಮೂಗನ್ನು ತೋರಿಸಿದಳು. “ಅಕೀದು.”

ನಾನು ಶಿಸ್ತಿನ ಹೆಂಗಸು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದೆ, ನೆರಿಗೆ ಸರಿಮಾಡಿಕೊಂಡೆ, ಏರಿ ಇಳಿದು ಮನೆಗೆ ಬಂದೆ. ಪಡಸಾಲೆಯಲ್ಲಿ ಇಟ್ಟ ಬಕೆಟ್ಟು ತುಂಬಿ ಹರಿಯುತ್ತಿತ್ತು. ನಮ್ಮೂರಿನಲ್ಲಿ ನಾನು ನೀರು ತುಂಬಿಸಿ ತೋರಿಸಿದ ಜಾಗ ಸದ್ಯಕ್ಕೆ ಅದೊಂದೇ.